ಇಲ್ಲಿರಿಯದ ಆರ್ಡಿಯಾಯಿ ಜನಾಂಗ

ಗ್ರೀಸ್ ಮತ್ತು ರೋಮ್ ದೇಶಗಳ ಚರಿತ್ರೆಯು ವಿದ್ಯಾವಂತರಿಗೆ ಪರಿಚಿತವಾದದ್ದೇ. ಆದರೆ ಏಡ್ರಿಯಾಟಿಕ್ ಸಮುದ್ರದ ಪೂರ್ವತೀರದಲ್ಲಿ ವಾಸವಾಗಿದ್ದ ಇಲ್ಲಿರಿಯನ್ನರ ಮಾತು ಬಂದರೆ, ಅವರು ಕಡಲುಗಳ್ಳರೆಂಬ ಒಂದೇ ವಿಶೇಷಣವು ನಮ್ಮ ನೆನಪಿಗೆ ಬರುವುದು. ಅವರೊಳಗೊಂದು ಕುಲವಾದ ಆರ್ಡಿಯಾಯಿ ಜನರನ್ನು ಕುರಿತು ಈ ಹೊತ್ತು ಕೆಲವು ಸಂಗತಿಗಳನ್ನು ಅರಿಕೆಮಾಡುತ್ತೇನೆ.

ಇಲ್ಲಿರಿಯನ್ನರು ಒಂದೇ ರಾಜ್ಯದ ಪ್ರಜೆಗಳಾಗಿರಲಿಲ್ಲ. ಹಲವು ಕುಲಗಳಾಗಿ ಹಂಚಿಹೋಗಿದ್ದರು. ತೀರದ ಬೆನ್ನಿಗೇ ಕಡಿದಾದ ಬೆಟ್ಟಗಳು, ಮುಂದೆ ದ್ವೀಪಗಳೂ ಕೊಲ್ಲಿಗಳೂ ತುಂಬಿದ ಕಡಲು. ಇಂತಹ ಸ್ಥಳದಲ್ಲಿ ಲೆಂಬೋಸ್ ಎಂಬ ಹಗುರವಾದ ವೇಗದ ಹಡಗೇ ಅವರ ಬಲ. ಕ್ರಿ. ಪೂ. 231ರಲ್ಲಿ ಅವರ ರಾಜನಾದ ಅಗ್ರಾನನು ಇಂತಹ 100 ಹಡಗುಗಳಲ್ಲಿ 5,000 ಯೋಧರನ್ನು ಕಳುಹಿಸಿ, ಗ್ರೀಸಿನ ಮೆಡಿಯಾನ್ ಪಟ್ಟಣದ ಮುತ್ತಿಗೆಯನ್ನು ಬಿಡಿಸಿದನು.

ಅವನ ತರುವಾಯ ರಾಣಿ ಟ್ಯೂಟಾ ಆಳಿದಳು. ಇಟಲಿಯ ವರ್ತಕರು ಕಡಲಲ್ಲಿ ಸುಲಿಗೆಗೀಡಾಗಲು, ರೋಮನರು ರಾಯಭಾರಿಗಳನ್ನು ಅಟ್ಟಿದರು. ಪ್ರಜೆಗಳು ಕಡಲಲ್ಲಿ ಲಾಭ ಪಡೆಯುವುದನ್ನು ತಡೆಯುವುದು ಇಲ್ಲಿರಿಯದ ರಾಜರ ಸಂಪ್ರದಾಯವಲ್ಲವೆಂದು ರಾಣಿಯು ಉತ್ತರವಿತ್ತಳೆಂತಲೂ, ರಾಯಭಾರಿಗಳಲ್ಲಿ ಕಿರಿಯನನ್ನು ಹಿಂದಿರುಗುವಾಗ ಕೊಲ್ಲಿಸಿದಳೆಂತಲೂ ಪಾಲಿಬಿಯಸನು ಬರೆಯುತ್ತಾನೆ. ಕ್ರಿ. ಪೂ. 229ರಲ್ಲಿ ರೋಮಿನ 200 ಹಡಗುಗಳು ಏಡ್ರಿಯಾಟಿಕನ್ನು ದಾಟಿದವು. ಮರುವರ್ಷದ ಒಪ್ಪಂದದಂತೆ ಟ್ಯೂಟಾ ಕಪ್ಪ ಕೊಡಬೇಕಾಯಿತು. ಲಿಸ್ಸಸ್ ಬಂದರಿನಿಂದ ದಕ್ಷಿಣಕ್ಕೆ ಆಯುಧವಿಲ್ಲದ ಎರಡೇ ಹಡಗುಗಳು ಹೋಗಬಹುದೆಂಬ ಕಟ್ಟು ಬಿದ್ದಿತು. ರೋಮನರ ಸೇನೆಯು ಏಡ್ರಿಯಾಟಿಕಿನ ಆಚೆಯ ದಡದಲ್ಲಿ ಮೊದಲು ಕಾಲಿಟ್ಟದ್ದು ಈ ಯುದ್ಧದಲ್ಲಿಯೇ.

ಆದರೆ ಇಲ್ಲೊಂದು ಮಾತನ್ನು ಗಮನಿಸಬೇಕು. ಅಪ್ಪಿಯನ್ ಎಂಬ ಮತ್ತೊಬ್ಬ ಗ್ರಂಥಕರ್ತನು ಬೇರೆ ಕಥೆಯನ್ನೇ ಹೇಳುತ್ತಾನೆ. ಅವನ ಪ್ರಕಾರ ರಾಯಭಾರಿಯು ಹತನಾದದ್ದು ಅಗ್ರಾನನು ಬದುಕಿದ್ದಾಗಲೇ, ಬರುವ ದಾರಿಯಲ್ಲಿ, ನಡುಗಡಲಿನಲ್ಲಿ. ಹಾಗಾದರೆ ರಾಣಿಯ ಆ ಗರ್ವೋಕ್ತಿಗೆ ಎಡೆಯೆಲ್ಲಿ? ಆರ್ಡಿಯಾಯಿ ಜನರು ತಮ್ಮ ಚರಿತ್ರೆಯನ್ನು ತಾವು ಬರೆದಿಡಲಿಲ್ಲ. ಅವರ ವಿಷಯದಲ್ಲಿ ನಮಗೆ ಉಳಿದಿರುವ ಸಾಕ್ಷ್ಯವೆಲ್ಲವೂ ಪರರದು. ಆ ಪರರಲ್ಲಿಯೂ ಒಮ್ಮತವಿಲ್ಲ. ಅವರು ಸುಲಿಗೆ ಮಾಡಿದ್ದು ಸುಳ್ಳೆಂದು ನಾನು ಹೇಳುವುದಿಲ್ಲ. ಪ್ರತಿವಾದಿಯ ಹೇಳಿಕೆಯಿಲ್ಲದೆ ಬರೆದ ತೀರ್ಪೆಂಬುದನ್ನು ನಾವು ಮರೆಯಬಾರದು, ಅಷ್ಟೆ.

ಮುಂದೆ ರೋಮನರು ಈ ಜನರನ್ನು ಕರಾವಳಿಯಿಂದ ಒಳನಾಡಿಗೆ ಅಟ್ಟಿ, ಬಲಾತ್ಕಾರದಿಂದ ಬೇಸಾಯಕ್ಕೆ ಹಚ್ಚಿದರೆಂದು ಭೂಗೋಳಜ್ಞನಾದ ಸ್ಟ್ರಾಬೋ ತಿಳಿಸುತ್ತಾನೆ. ಆ ನೆಲವು ಒರಟು, ಬರಡು. ಕಡಲನ್ನೇ ಬಲ್ಲ ಜನವು ಅಲ್ಲಿ ಕ್ಷೀಣಿಸಿ ಬಹುಮಟ್ಟಿಗೆ ಅಳಿದುಹೋಯಿತು. ಕಳ್ಳರೆಂಬ ಹೆಸರಿನ ಜೊತೆಗೆ ಈ ಕೊನೆಯನ್ನೂ ನಾವು ನೆನೆಯುವುದು ನ್ಯಾಯ.