ಕಟ್ಟುಮರದ ಸಂದಿನ ಹಲಗೆ

ಕ್ಯಾಟಮರಾನ್ ಎಂದರೇನೆಂದು ತಿಳಿಯಲು ಇಂಗ್ಲಿಷಿನವರು ನಿಘಂಟು ತೆರೆಯಬೇಕು. ನಮಗೆ ಆ ಕಷ್ಟವಿಲ್ಲ. ಕಟ್ಟು, ಮರ: ತಮಿಳಿನಲ್ಲೂ ಅದೇ, ಕನ್ನಡದಲ್ಲೂ ಅದೇ. ಆದರೆ ಇಂದು ಜಗತ್ತು ಆ ಹೆಸರಿನಿಂದ ಕರೆಯುವ ದೋಣಿಯಲ್ಲಿ ಕಟ್ಟೂ ಇಲ್ಲ, ಮರವೂ ಇಲ್ಲ. ಕಾರ್ಬನ್ ನಾರಿನ ಎರಡು ಉದ್ದನೆಯ ಒಡಲು, ನಡುವೆ ಅಡ್ಡತೊಲೆ, ಮೇಲೆ ಬಹುಮಹಡಿ ಕಟ್ಟಡದಷ್ಟು ಎತ್ತರದ ಹಾಯಿ. ಚೆನ್ನೈನ ನೊಚ್ಚಿಕುಪ್ಪಂ ಮರಳಿನ ಮೇಲೆ ಬಿದ್ದಿದ್ದ ನಾಲ್ಕು ಹಳೆಯ ದಿಮ್ಮಿಗಳಿಗೂ ಇದಕ್ಕೂ ಏನು ನಂಟು?

ಮೇಲ್ನೋಟಕ್ಕೆ ಏನೂ ಇಲ್ಲ. ಎರಡು ಒಡಲು ಜೋಡಿಸುವುದು ಪೆಸಿಫಿಕ್ ದ್ವೀಪಗಳವರ ವಿದ್ಯೆ. ಕೋರಮಂಡಲ ಕರಾವಳಿಯದು ತೆಪ್ಪದ ಜಾತಿ. ಸಮುದ್ರಗಳ್ಳನೂ ಒಳ್ಳೆಯ ಬರಹಗಾರನೂ ಆಗಿದ್ದ ವಿಲಿಯಂ ಡ್ಯಾಂಪಿಯರ್ 1690ರ ಸುಮಾರಿಗೆ ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ ಕೆಲವು ತಿಂಗಳು ಇದ್ದ. 1697ರ ತನ್ನ ಪ್ರವಾಸ ಪುಸ್ತಕದಲ್ಲಿ ಅವನು ಈ ತೆಪ್ಪವನ್ನು ಇದೇ ಹೆಸರಿನಿಂದ ಬಣ್ಣಿಸಿದ. 1876ರಲ್ಲಿ ಅಮೆರಿಕದ ನಥಾನಿಯಲ್ ಹೆರೆಶಾಫ್ ‘ಅಮರಿಲಿಸ್’ ಎಂಬ ಸುಮಾರು 25 ಅಡಿಯ ಜೋಡಿ ದೋಣಿಯನ್ನು ನ್ಯೂಯಾರ್ಕಿನ ಪಂದ್ಯಕ್ಕೆ ಇಳಿಸಿ ಎಲ್ಲರನ್ನೂ ಹಿಂದೆ ಹಾಕಿದಾಗ, ಆ ವಿಚಿತ್ರ ವಸ್ತುವಿಗೆ ಈ ಹೆಸರೇ ಅಂಟಿಕೊಂಡಿತು. ಸೋತವರು ತಕರಾರು ತೆಗೆದರು, ಜೋಡಿ ದೋಣಿಗಳನ್ನು ಪಂದ್ಯದಿಂದ ಹೊರಗಿಟ್ಟರು. ವೇಗದ ದೋಣಿಗೆ ಮೊದಲ ಬಹುಮಾನ ಬಹಿಷ್ಕಾರ!

ಹಾಗಾದರೆ ಹೆಸರು ಮಾತ್ರ ನಮ್ಮದು, ಉಳಿದದ್ದು ಅವರದು ಎಂದು ನಾನೂ ಅಂದುಕೊಂಡಿದ್ದೆ, ಕಟ್ಟುಮರವನ್ನು ಹತ್ತಿರದಿಂದ ನೋಡುವವರೆಗೆ.

ನಡುವಿನ ದಿಮ್ಮಿ ತುಸು ಕೆಳಗೆ, ಪಕ್ಕದವು ತುಸು ಮೇಲೆ. ಇಡೀ ತೆಪ್ಪ ಬೊಗಸೆಯಂತೆ. ಮುಂದೆ ಒಂದು ಕಡೆ, ಹಿಂದೆ ಒಂದು ಕಡೆ ಹಗ್ಗದ ಬಿಗಿತ. ಮೊಳೆ ಇಲ್ಲ. ಅಲೆ ಮೇಲೆ ಬಿದ್ದರೆ ನೀರು ಸಂದಿಗಳಲ್ಲಿ ಇಳಿದುಹೋಗುತ್ತದೆ, ಮೊಗೆದು ಚೆಲ್ಲುವ ಕೆಲಸವೇ ಇಲ್ಲ. ದಡಕ್ಕೆ ಬಂದ ಮೇಲೆ ಹಗ್ಗ ಬಿಚ್ಚಿ ದಿಮ್ಮಿಗಳನ್ನು ಬಿಡಿಬಿಡಿಯಾಗಿ ಒಣಗಲು ಹಾಕುವುದು ರೂಢಿ, ನೀರು ಕುಡಿದ ಮರ ಭಾರವಾಗುತ್ತದಲ್ಲ. ನನ್ನ ಕುತೂಹಲ ನೋಡಿ ಅಲ್ಲಿ ಬಲೆ ಬಿಡಿಸುತ್ತಿದ್ದ ಮುದುಕರು ಹೇಳಿದ್ದು ಒಂದೇ ಮಾತು: “ಇದು ಮುಳುಗಾದು, ಸಾರ್.” ಕಡಲಿಗೆ ಎಸೆದರೂ ಕಟ್ಟುಮರವಾಗಿ ತೇಲುತ್ತೇನೆ, ನೀವು ಹತ್ತಿ ಸಾಗಬಹುದು ಎಂದು ತಮಿಳುನಾಡಿನ ರಾಜಕಾರಣಿ ಕರುಣಾನಿಧಿ ಭಾಷಣದಲ್ಲಿ ಹೇಳುತ್ತಿದ್ದದ್ದು ಸುಮ್ಮನೆ ಅಲ್ಲ.

ಮದ್ರಾಸಿಗೆ ಸಹಜ ಬಂದರು ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದವರೆಗೂ ಹಡಗುಗಳು ದೂರದಲ್ಲೇ ಲಂಗರು ಹಾಕುತ್ತಿದ್ದವು. ದಡದಲ್ಲಿ ಅಲೆ ಒಡೆಯುವ ಪಟ್ಟಿಯನ್ನು ಇಂಗ್ಲಿಷರ ದೋಣಿಗಳು ದಾಟಲಾರದಾಗ, ಕಟ್ಟುಮರದವರು ನೀರು ತಾಗದ ಟೋಪಿಯೊಳಗೆ ಕಾಗದಗಳನ್ನಿಟ್ಟುಕೊಂಡು ಹಡಗಿಗೆ ಮುಟ್ಟಿಸುತ್ತಿದ್ದರು. ಇಂಥ ದಡದಲ್ಲಿ ದೋಣಿಗೆ ಆಳವಾದ ತಳ ಇರುವಂತಿಲ್ಲ, ಮರಳಿಗೆ ಹೂತುಕೊಳ್ಳುತ್ತದೆ. ತಳ ಚಪ್ಪಟೆಯಾದರೆ ಇನ್ನೊಂದು ತೊಂದರೆ: ಹಾಯಿ ಕಟ್ಟಿದಾಗ ಪಕ್ಕದ ಗಾಳಿಗೆ ತೆಪ್ಪ ಮುಂದೆ ಹೋಗುವ ಬದಲು ಅಡ್ಡಡ್ಡ ಜಾರುತ್ತದೆ. ಇದಕ್ಕೆ ಕಟ್ಟುಮರದವರ ಉಪಾಯ ಒಂದು ಹಲಗೆ. ಅಲೆಯ ಪಟ್ಟಿ ದಾಟಿದ ಮೇಲೆ ದಿಮ್ಮಿಗಳ ಸಂದಿನಲ್ಲಿ ಅದನ್ನು ನೀರಿಗೆ ಇಳಿಸುವುದು. ದಡ ಹತ್ತಿರವಾದಾಗ ಎಳೆದುಕೊಳ್ಳುವುದು. ಜಾರುವಿಕೆಯನ್ನು ಹಲಗೆ ತಡೆಯುತ್ತದೆ, ಗಾಳಿಯ ತಳ್ಳಾಟ ಮುನ್ನಡೆಯಾಗುತ್ತದೆ.

ಈ ಹಲಗೆಯನ್ನು ನೆನಪಿನಲ್ಲಿಡಿ. ಈಗ ದೊಡ್ಡ ದೋಣಿಗೆ ಬರೋಣ.

ಹಾಯಿ ದೊಡ್ಡದಾದಷ್ಟೂ ಗಾಳಿ ದೋಣಿಯನ್ನು ಮಗುಚಲು ನೋಡುತ್ತದೆ. ಒಂಟಿ ಒಡಲಿನ ದೋಣಿ ಇದಕ್ಕೆ ತಳದಲ್ಲಿ ಸೀಸ ನೇತುಹಾಕಿಕೊಳ್ಳುತ್ತದೆ. 2007ರವರೆಗೆ ಹಾಯಿದೋಣಿಗಳ ಹೆಸರಾಂತ ಪಂದ್ಯವಾದ ಅಮೆರಿಕಾಸ್ ಕಪ್‌ನಲ್ಲಿ ಓಡಿದ ದೋಣಿಗಳು ಸುಮಾರು 24 ಟನ್ ತೂಗುತ್ತಿದ್ದವು; ಅದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಸೀಸವೇ. ರೇಸಿಗೆ ಹೋಗುವವನು ಸೊಂಟಕ್ಕೆ ಬೀಸುಕಲ್ಲು ಕಟ್ಟಿಕೊಂಡ ಹಾಗೆ. ಕ್ಯಾಟಮರಾನ್ ತೂಕದ ಬದಲು ಅಗಲವನ್ನು ನಂಬುತ್ತದೆ. 2013ರ ಕಪ್‌ಗೆ ಕಟ್ಟಿದ ಎಸಿ72 ದೋಣಿಯ ಉದ್ದ 22 ಮೀಟರ್, ಅಗಲ 14 ಮೀಟರ್, ತೂಕ ಸುಮಾರು 6 ಟನ್ ಮಾತ್ರ. ಗಾಳಿಗೆ ಒಂದು ಒಡಲು ಮೇಲೆದ್ದಾಗ ಆ ಆರು ಟನ್ನೂ ಇನ್ನೊಂದು ಒಡಲಿನಿಂದ ಏಳು ಮೀಟರ್ ಆಚೆ ಕೂತು ಕೆಳಕ್ಕೆ ಒತ್ತುತ್ತದೆ. ಏತದ ಲೆಕ್ಕ ಇದು, ಸೀಸ ಬೇಕಿಲ್ಲ.

ಎರಡನೆಯ ಲಾಭ ಒಡಲಿನ ಸಪೂರದಲ್ಲಿದೆ. ಓಡುವ ದೋಣಿ ತನ್ನದೇ ಅಲೆ ಎಬ್ಬಿಸುತ್ತದೆ. ವೇಗ ಹೆಚ್ಚಿದಂತೆ ಅಲೆಯೂ ಉದ್ದವಾಗಿ, ಕೊನೆಗೆ ದೋಣಿ ತಾನೇ ತೋಡಿದ ಗುಂಡಿಯಲ್ಲಿ ಸಿಕ್ಕಿಬಿದ್ದು ಮುಂದಿನ ಅಲೆಯ ದಿಬ್ಬ ಹತ್ತಲಾರದೆ ಏದುಸಿರು ಬಿಡುತ್ತದೆ. 22 ಮೀಟರಿನ ಮಾಮೂಲಿ ದೋಣಿಗೆ ಈ ಕಟ್ಟೆ ಬರುವುದು ಹನ್ನೊಂದು-ಹನ್ನೆರಡು ನಾಟ್‌ನಲ್ಲಿ. ಅಗಲದ ಹತ್ತುಪಟ್ಟಿಗಿಂತ ಹೆಚ್ಚು ಉದ್ದವಿರುವ ಚೂರಿಯಂಥ ಒಡಲು ದೊಡ್ಡ ಅಲೆಯನ್ನೇ ಎಬ್ಬಿಸುವುದಿಲ್ಲ, ಸೀಳಿಕೊಂಡು ಹೋಗುತ್ತದೆ.

ದೈತ್ಯರಲ್ಲಿ ದೈತ್ಯ ಅಂದರೆ ಅಮೆರಿಕದ ಸಾಹಸಿ ಸ್ಟೀವ್ ಫಾಸೆಟ್‌ನ ‘ಪ್ಲೇಸ್ಟೇಷನ್’, ಮುಂದೆ ಹೆಸರು ಬದಲಾಗಿ ‘ಶೈಯೆನ್’. ವಿನ್ಯಾಸ ಕ್ಯಾಲಿಫೋರ್ನಿಯಾದ ಜಿನೊ ಮೊರೆಲಿ ಮತ್ತು ಪೀಟ್ ಮೆಲ್ವಿನ್ ಅವರದು. 1998ರಲ್ಲಿ ನೀರಿಗಿಳಿದಾಗ 105 ಅಡಿ ಇತ್ತು. ಜೋರು ಗಾಳಿಯಲ್ಲಿ ಮೂತಿ ನೀರಿಗೆ ಹೊಕ್ಕು ದೋಣಿ ಪಲ್ಟಿ ಹೊಡೆಯುವ ಭಯ ಇದ್ದುದರಿಂದ 2000ದಲ್ಲಿ ಮುಂಭಾಗ ಕತ್ತರಿಸಿ ಬೆಳೆಸಿ 125 ಅಡಿ ಮಾಡಿದರು. ಅದರ ಕೂವೆಮರ ಹೆಚ್ಚುಕಡಿಮೆ ಮರೀನಾ ಕಡಲತೀರದ ದೀಪಸ್ತಂಭದಷ್ಟು ಎತ್ತರ! 2004ರಲ್ಲಿ 13 ಜನ ಅದರಲ್ಲಿ 58 ದಿನ 9 ಗಂಟೆಗಳಲ್ಲಿ ಭೂಮಿ ಸುತ್ತಿ ಬಂದರು. ಮರುವರ್ಷವೇ ಫ್ರಾನ್ಸಿನ ಬ್ರೂನೊ ಪೆಯ್ರಾನ್ ‘ಆರೆಂಜ್ 2’ ಎಂಬ ಇನ್ನೊಂದು ಕ್ಯಾಟಮರಾನಿನಲ್ಲಿ 50 ದಿನ 16 ಗಂಟೆಗೆ ಇಳಿಸಿದ. ಎಲ್ಲರ ಅದೃಷ್ಟವೂ ಹಾಗಿರಲಿಲ್ಲ. ಬ್ರಿಟನ್ನಿನ ‘ಟೀಮ್ ಫಿಲಿಪ್ಸ್’ 2000ದ ಮಾರ್ಚಿನಲ್ಲಿ ಮೂತಿಯ ತುಂಡನ್ನೇ ಕಳೆದುಕೊಂಡಿತು. ರಿಪೇರಿಯಾಗಿ ಹೋದದ್ದನ್ನು ಡಿಸೆಂಬರಿನಲ್ಲಿ ಅಟ್ಲಾಂಟಿಕ್ ನಡುವೆ ಬಿಟ್ಟು ಬರಬೇಕಾಯಿತು.

ಗಾಳಿಗಿಂತ ವೇಗವಾಗಿ ಗಾಳಿದೋಣಿ ಹೋಗುವುದು ಹೇಗೆ ಎಂದು ಕೇಳುವವರಿದ್ದಾರೆ. ಗಾಳಿಯೇ ಇಲ್ಲದ ಸಂಜೆ ಸ್ಕೂಟರ್ ಓಡಿಸಿದರೂ ಮುಖಕ್ಕೆ ಗಾಳಿ ಬಡಿಯುತ್ತದಲ್ಲ? ಗಾಳಿಗೆ ಅಡ್ಡವಾಗಿ ಓಡುವ ದೋಣಿಗೂ ಹಾಗೆಯೇ, ನಿಜವಾದ ಗಾಳಿಯ ಜೊತೆ ತನ್ನ ಓಟದ ಗಾಳಿಯೂ ಸೇರುತ್ತದೆ. ಹಾಯಿ ವಿಮಾನದ ರೆಕ್ಕೆಯಂತೆ ಆ ಕೂಡಿದ ಗಾಳಿಯಿಂದ ಬಲ ಪಡೆಯುತ್ತದೆ. ಓಡಿದಷ್ಟೂ ಗಾಳಿ, ಗಾಳಿ ಬಂದಷ್ಟೂ ಓಟ. ಮುಖ್ಯವಾಗಿ ತಡೆಯುವುದು ನೀರಿನ ಎಳೆತ. ಎಸಿ72ರಲ್ಲಂತೂ ಬಟ್ಟೆಯ ಹಾಯಿಯ ಜಾಗದಲ್ಲಿ 40 ಮೀಟರ್ ಎತ್ತರದ ಗಟ್ಟಿ ರೆಕ್ಕೆಯನ್ನೇ ನಿಲ್ಲಿಸಿದ್ದರು.

ಆ ಎಳೆತವನ್ನು ತಗ್ಗಿಸಿದ್ದು ನಮ್ಮ ಹಲಗೆ. ಕ್ಯಾಟಮರಾನಿನ ಪ್ರತಿ ಒಡಲಿನ ಸೀಳಿನಿಂದಲೂ ಅಂಥದ್ದೇ ಒಂದು ಹಲಗೆ ಕೆಳಗಿಳಿಯುತ್ತದೆ, ಕೆಲಸವೂ ಅದೇ, ಅಡ್ಡ ಜಾರದಂತೆ ತಡೆಯುವುದು. 2012ರಲ್ಲಿ ನ್ಯೂಜಿಲೆಂಡ್ ತಂಡ ಅದರ ತುದಿಯನ್ನು ಇಂಗ್ಲಿಷಿನ ‘ಎಲ್’ ಅಕ್ಷರದಂತೆ ಒಳಕ್ಕೆ ಬಗ್ಗಿಸಿತು. ಅಡ್ಡ ಬಲ ಕೊಡುತ್ತಿದ್ದ ಹಲಗೆ ಈಗ ಮೇಲಕ್ಕೂ ಎತ್ತತೊಡಗಿತು. ನೀರು ಗಾಳಿಗಿಂತ 800 ಪಟ್ಟು ಸಾಂದ್ರ, ಹಾಗಾಗಿ ಚಿಕ್ಕ ರೆಕ್ಕೆಯೇ ಸಾಕು. ಆರು ಟನ್ನಿನ ದೋಣಿ ಎರಡೂ ಒಡಲುಗಳನ್ನು ನೀರಿನಿಂದ ಎತ್ತಿಕೊಂಡು ಹಾರಿತು. ನಿಯಮಾವಳಿಯ ಉದ್ದೇಶದ ಪ್ರಕಾರ ಹೀಗೆ ಹಾರಬಾರದಿತ್ತು. ತಮಾಷೆಯೆಂದರೆ ನಿಯಮಾವಳಿ ಬರೆದದ್ದು ಮೊರೆಲಿ-ಮೆಲ್ವಿನ್ ಸಂಸ್ಥೆ. ಬಳಿಕ ನ್ಯೂಜಿಲೆಂಡ್ ತಂಡಕ್ಕೆ ಕೆಲಸ ಮಾಡಿದ್ದೂ ಅವರೇ. ಬೇಲಿ ಹಾಕಿದವರಿಗೇ ತಾನೇ ಸಂದು ಗೊತ್ತಿರುವುದು.

2013ರ ಸೆಪ್ಟೆಂಬರಿನ ಸ್ಯಾನ್‌ಫ್ರಾನ್ಸಿಸ್ಕೊ ಪಂದ್ಯದಲ್ಲಿ ಈ ದೋಣಿಗಳು 44 ನಾಟ್, ಅಂದರೆ ಗಂಟೆಗೆ 80 ಕಿಲೋಮೀಟರಿಗೂ ಹೆಚ್ಚು ವೇಗ ಮುಟ್ಟಿದವು. ನ್ಯೂಜಿಲೆಂಡ್ ಎದುರು 8-1ರಿಂದ ಹಿಂದಿದ್ದ ಅಮೆರಿಕದ ಒರಾಕಲ್ ತಂಡ ಸತತ ಎಂಟು ಪಂದ್ಯ ಗೆದ್ದು 9-8ಕ್ಕೆ ಕಪ್ ಉಳಿಸಿಕೊಂಡಿತು. ಅದೇ ವರ್ಷದ ಮೇ ತಿಂಗಳಿನಲ್ಲಿ ಸ್ವೀಡನ್ ತಂಡದ ದೋಣಿ ಮಗುಚಿ, ಒಲಿಂಪಿಕ್ ಚಿನ್ನ ಗೆದ್ದಿದ್ದ ಆಂಡ್ರ್ಯೂ ಸಿಂಪ್ಸನ್ ಅದರಡಿ ಸಿಕ್ಕಿ ಸತ್ತಿದ್ದರು. ಅಗಲದ ದೋಣಿ ಒಮ್ಮೆ ತಲೆಕೆಳಗಾದರೆ ಆ ಅಗಲವೇ ಅದನ್ನು ಮತ್ತೆ ಏಳಗೊಡುವುದಿಲ್ಲ. ಕಟ್ಟುಮರಕ್ಕೆ ಆ ಚಿಂತೆ ಇಲ್ಲ, ಮಗುಚಿದರೆ ತಿರುಗಿಸಿ ಹತ್ತಿಕೊಳ್ಳಬಹುದು.

2021ರ ಹೊತ್ತಿಗೆ ಅಮೆರಿಕಾಸ್ ಕಪ್ ಮತ್ತೆ ಒಂಟಿ ಒಡಲಿಗೆ ಮರಳಿತು, ಆದರೆ ಹಾರುವ ಹಲಗೆಗಳನ್ನು ಕೈಬಿಡಲಿಲ್ಲ. ನೊಚ್ಚಿಕುಪ್ಪಂನಲ್ಲೂ ಈಗ ಸಾಲುಸಾಲಾಗಿ ನಿಂತಿರುವುದು ಮೋಟಾರು ಸಿಕ್ಕಿಸಿದ ಫೈಬರ್ ದೋಣಿಗಳು. 2004ರ ಸುನಾಮಿಯ ನಂತರ ಮರದವು ಬೇಗನೆ ಕಡಿಮೆಯಾದವು. ನಿಮ್ಮ ಕಟ್ಟುಮರದ ಹಲಗೆ ಎಲ್ಲಿ ಎಂದು ಮುದುಕರನ್ನು ಕೇಳಿದೆ. ಎಂಜಿನ್ ಬಂದ ಮೇಲೆ ಅದಕ್ಕೇನು ಕೆಲಸ ಎಂಬಂತೆ ನಕ್ಕು, ರಸ್ತೆಯ ಕಡೆ ಕೈ ತೋರಿಸಿದರು. ಅಲ್ಲಿ ಒಬ್ಬ ಹೆಂಗಸು ಎರಡು ಇಟ್ಟಿಗೆಗಳ ಮೇಲೆ ಅದನ್ನಿಟ್ಟುಕೊಂಡು ವಂಜರ ಮೀನು ಕತ್ತರಿಸುತ್ತಿದ್ದಳು.