ಪಾಚಿ ತೋರಿದ ದಾರಿ

ನಿಂತ ನೀರಿಗೆ ಹಸಿರು ಬಣ್ಣ ಕೊಡುವ ಪಾಚಿಗಳಲ್ಲಿ ಕ್ಲಾಮಿಡೊಮೊನಾಸ್ ಎಂಬುದು ಒಂದು. ಇದರ ದೇಹವೆಲ್ಲ ಒಂದೇ ಜೀವಕೋಶ. ಅಗಲ ಮಿಲಿಮೀಟರಿನ ಸುಮಾರು ನೂರರಲ್ಲಿ ಒಂದು ಭಾಗ. ಚಾಟಿಯಂಥ ಎರಡು ಕಶಾಂಗಗಳನ್ನು ಬೀಸುತ್ತ ಇದು ಈಜುತ್ತದೆ. ಇಷ್ಟು ಅಲ್ಪವಾದ ಜೀವಿಯು ಮನುಷ್ಯನ ಮೂತ್ರಪಿಂಡದ ರೋಗವೊಂದನ್ನು ಅರಿಯಲು ನೆರವಾಗಿದೆ.

ಪ್ರತಿಯೊಂದು ಜೀವಕೋಶವನ್ನೂ ತೆಳುವಾದ ಪೊರೆಯೊಂದು ಆವರಿಸಿರುತ್ತದೆ. ಕ್ಯಾಲ್ಸಿಯಂ, ಸೋಡಿಯಂ ಮೊದಲಾದ ಅಯಾನುಗಳು, ಎಂದರೆ ವಿದ್ಯುದಂಶವುಳ್ಳ ಕಣಗಳು, ಈ ಪೊರೆಯನ್ನು ತಾವಾಗಿ ದಾಟಲಾರವು. ಅವುಗಳಿಗೆ ದಾರಿ ಬಿಡಲು ಪೊರೆಯಲ್ಲಿ ಪ್ರೋಟೀನಿನ ನಾಳಗಳಿವೆ. ಕೋಟೆಯ ದಿಡ್ಡಿಬಾಗಿಲಿನಂತೆ ಇವು ಬೇಕಾದಾಗ ತೆರೆದು, ಬೇಡವಾದಾಗ ಮುಚ್ಚಿಕೊಳ್ಳುತ್ತವೆ. ಪಾಲಿಸಿಸ್ಟಿನ್-2 ಅಂಥ ಒಂದು ನಾಳ. ಇದನ್ನು ರೂಪಿಸುವ ಜೀನು ಕೆಟ್ಟರೆ ಮೂತ್ರಪಿಂಡಗಳಲ್ಲಿ ನೀರುಗುಳ್ಳೆಗಳು ಬೆಳೆಯುತ್ತವೆ. ಕಾಲಕ್ರಮದಲ್ಲಿ ಮೂತ್ರಪಿಂಡಗಳು ಕೆಲಸವನ್ನೇ ನಿಲ್ಲಿಸಬಹುದು. ತಂದೆತಾಯಿಗಳಿಂದ ಮಕ್ಕಳಿಗೆ ಬರುವ ರೋಗವಿದು. ಈ ಜೀನನ್ನು 1996ರಲ್ಲಿ ಗುರುತಿಸಲಾಯಿತು. ಆದರೆ ನಾಳದ ಕಾರ್ಯವೇನೆಂಬುದು ಆಗ ತಿಳಿದಿರಲಿಲ್ಲ.

ಇದಕ್ಕೆ ಮುನ್ನವೇ, 1993ರಲ್ಲಿ, ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಜೋಯಲ್ ರೋಸನ್‌ಬಾಮ್ ಮತ್ತು ಅವರ ಸಂಗಡಿಗರು ಈ ಪಾಚಿಯ ಕಶಾಂಗದೊಳಗೆ ಕಣಗಳು ಮೇಲಕ್ಕೂ ಕೆಳಕ್ಕೂ ಚಲಿಸುವುದನ್ನು ಕಂಡಿದ್ದರು. ಕಶಾಂಗವನ್ನು ಕಟ್ಟುವ ಸಾಮಗ್ರಿಯು ಸಾಗುವುದು ಹೀಗೆಯೇ. ಸಾಗಿಸುವ ಪ್ರೋಟೀನುಗಳಲ್ಲಿ ಒಂದು ಇಲ್ಲವಾದರೆ ಪಾಚಿಗೆ ಕಶಾಂಗವೇ ಬೆಳೆಯದೆಂದು 2000ದಲ್ಲಿ ಗ್ರೆಗರಿ ಪಜೂರ್ ಮತ್ತು ಸಂಗಡಿಗರು ತೋರಿಸಿದರು. ಇಲಿಯಲ್ಲಿಯೂ ಅದೇ ಬಗೆಯ ಜೀನು ಉಂಟು. ಅದು ಕೆಟ್ಟ ಇಲಿಗಳಿಗೆ ಮೂತ್ರಪಿಂಡದಲ್ಲಿ ಗುಳ್ಳೆಗಳೇಳುವುದು ಮೊದಲೇ ತಿಳಿದಿತ್ತು. ಅವುಗಳ ಮೂತ್ರಪಿಂಡದ ಕೋಶಗಳನ್ನು ಪರೀಕ್ಷಿಸಿದಾಗ, ಕಶಾಂಗವನ್ನು ಹೋಲುವ ಸಣ್ಣ ಎಳೆಗಳು ಮೊಟಕಾಗಿದ್ದುವು. ಲೋಮಾಂಗಗಳೆಂಬ ಈ ಎಳೆಗಳು ನಿಷ್ಪ್ರಯೋಜಕವೆಂದು ಬಹುಕಾಲ ಭಾವಿಸಲಾಗಿತ್ತು. ಪಾಲಿಸಿಸ್ಟಿನ್-2 ನಾಳವು ಮೂತ್ರಪಿಂಡದ ಲೋಮಾಂಗಗಳಲ್ಲಿ ಇರುವುದೂ 2002ರಲ್ಲಿ ಕಂಡುಬಂದಿತು.

ಲೋಮಾಂಗದಲ್ಲಿ ನಾಳಕ್ಕೇನು ಕೆಲಸ? ಈ ಪ್ರಶ್ನೆಗೂ ಪಾಚಿ ಉಪಯುಕ್ತವಾಯಿತು. ಅದನ್ನು ಬೆಳೆಸುವುದು ಸುಲಭ. ಕಶಾಂಗಗಳನ್ನು ಕಳಚಿದರೂ ಅದು ಸಾಯದು. ಸುಮಾರು ಎರಡು ಗಂಟೆಗಳಲ್ಲಿ ಹೊಸವು ಬೆಳೆಯುತ್ತವೆ. ಪಾಚಿಯ ಕಶಾಂಗದಲ್ಲಿಯೂ ಇದೇ ವರ್ಗದ ನಾಳವಿದೆಯೆಂದು 2007ರಲ್ಲಿ ರೋಸನ್‌ಬಾಮ್ ಅವರ ತಂಡ ಪ್ರಕಟಿಸಿತು. ಎರಡು ಪಾಚಿಕೋಶಗಳು ಕೂಡುವ ಮುನ್ನ ಅವುಗಳ ಕಶಾಂಗಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ; ಆಗ ಕಶಾಂಗದಲ್ಲಿ ಕ್ಯಾಲ್ಸಿಯಂ ಹೆಚ್ಚುತ್ತದೆ. ನಾಳದ ಪ್ರಮಾಣವನ್ನು ತಗ್ಗಿಸಿದಾಗ ಈ ಕೂಡುವಿಕೆ ಕುಂಠಿತವಾಯಿತು. ಹೊರಗಿನ ಸ್ಪರ್ಶವನ್ನು ಒಳಗಿನ ಸಂದೇಶವಾಗಿ ಮಾರ್ಪಡಿಸುವುದರಲ್ಲಿ ನಾಳಕ್ಕೆ ಪಾತ್ರವುಂಟೆಂಬುದಕ್ಕೆ ಇದು ಸಾಕ್ಷಿ.

ಪಾಚಿಗೆ ಮೂತ್ರಪಿಂಡವಿಲ್ಲ. ಆದುದರಿಂದ ಅದರಲ್ಲಿ ಕಂಡುದನ್ನು ಪ್ರಾಣಿಗಳಲ್ಲಿಯೂ ಪರೀಕ್ಷಿಸಿಯೇ ಒಪ್ಪಬೇಕಾಗುತ್ತದೆ. ಆದರೂ ರೋಗದ ಮೂಲವನ್ನು ಎಲ್ಲಿ ಹುಡುಕಬೇಕೆಂಬುದನ್ನು ವಿಜ್ಞಾನಿಗಳಿಗೆ ತೋರಿಸಿಕೊಟ್ಟುದರಲ್ಲಿ ಈ ಪಾಚಿಯ ಪಾಲು ದೊಡ್ಡದು.