ಪುಟ್ಟ ಟ್ಯಾಂಕಿಗೆ ಬಣ್ಣ, ಕೆಸರು, ತುಕ್ಕು

ಒಂದು ವಾಹನದ ಉದ್ದ, ಅಗಲ, ಎತ್ತರಗಳನ್ನು 35 ಪಟ್ಟು ಕುಗ್ಗಿಸಿ ಅದರ ಮಾದರಿಯೊಂದನ್ನು ಜೋಡಿಸಿದ್ದೀರಿ ಎಂದುಕೊಳ್ಳಿ. ಇನ್ನು ಅದಕ್ಕೆ ಬಣ್ಣ ಬಳಿಯಬೇಕು. ಹಾಗಾದರೆ ಬಣ್ಣವನ್ನು ಎಷ್ಟು ಪಟ್ಟು ಕುಗ್ಗಿಸಬೇಕು? ಪ್ರಶ್ನೆ ತಮಾಷೆಯೆನಿಸಬಹುದು. ಆದರೆ ಮಾದರಿ ತಯಾರಿಸುವವರೆಲ್ಲ ಎದುರಿಸುವ ತೊಡಕು ಇದೇ. ಅಳತೆಗಳೆಲ್ಲ ಕರಾರುವಾಕ್ಕಾಗಿದ್ದರೂ, ಅಸಲಿ ವಾಹನಕ್ಕೆ ಬಳಸಿದ ಬಣ್ಣವನ್ನೇ ತಂದು ಬಳಿದರೂ ಅದು ಆಟಿಕೆಯಂತೆಯೇ ಕಾಣುತ್ತದೆ. ಏಕೆ ಹೀಗೆ ಎಂದು ವಿಚಾರಿಸುತ್ತ ಹೋದರೆ ಬೆಳಕು, ದ್ರವ, ಘರ್ಷಣೆ, ಉತ್ಕರ್ಷಣ ಇವೆಲ್ಲ ನಮ್ಮ ಮೇಜಿನ ಮೇಲೆಯೇ ಪಾಠವಾಗಿ ತೆರೆದುಕೊಳ್ಳುತ್ತವೆ.

ಉದಾಹರಣೆಗೆ ಎರಡನೆಯ ಮಹಾಯುದ್ಧದ ಸೋವಿಯತ್ ಟ್ಯಾಂಕು ಟಿ-34-85ನ್ನು ತೆಗೆದುಕೊಳ್ಳೋಣ. 1944ರಲ್ಲಿ ಇದರ ತಯಾರಿಕೆ ಆರಂಭವಾಯಿತು. ಒಳಗೆ ಐವರು ಸೈನಿಕರು. ತೂಕ ಸುಮಾರು 32 ಟನ್, ಅಗಲ 3 ಮೀಟರ್, ಎತ್ತರ ಸುಮಾರು 2.7 ಮೀಟರ್. ಇದರ 1:35 ಪ್ರಮಾಣದ ಪಾಲಿಸ್ಟೈರೀನ್ ಮಾದರಿಯ ಅಗಲ 8.6 ಸೆಂ.ಮೀ., ಎತ್ತರ 7.7 ಸೆಂ.ಮೀ.

ಏನು ಕುಗ್ಗುತ್ತದೆ, ಏನು ಕುಗ್ಗುವುದಿಲ್ಲ?

ಉದ್ದ 35 ಪಟ್ಟು ಕುಗ್ಗಿದರೆ ವಿಸ್ತೀರ್ಣ 1,225 ಪಟ್ಟು, ಗಾತ್ರ 42,875 ಪಟ್ಟು ಕುಗ್ಗುತ್ತದೆ. ಮಾದರಿಯನ್ನು ಅಸಲಿಯಂತೆ ಉಕ್ಕಿನಿಂದಲೇ ಮಾಡಿದರೂ ಅದರ ತೂಕ ಸುಮಾರು 750 ಗ್ರಾಂ ಮಾತ್ರ. ತೂಕ ಘನದಂತೆಯೂ ಆಧಾರದ ವಿಸ್ತೀರ್ಣ ವರ್ಗದಂತೆಯೂ ಕುಗ್ಗುವುದರಿಂದ ನೆಲದ ಮೇಲಿನ ಒತ್ತಡ 35ನೇ ಒಂದು ಭಾಗಕ್ಕೆ ಇಳಿಯುತ್ತದೆ. ಪ್ಲಾಸ್ಟಿಕ್ ಮಾದರಿಯಲ್ಲಿ ಇನ್ನೂ ಕಡಿಮೆ. ಆದ್ದರಿಂದ ಮಾದರಿ ಟ್ಯಾಂಕು ತಾನಾಗಿ ಮಣ್ಣಿನಲ್ಲಿ ಹೂತುಕೊಳ್ಳದು. ಗಾತ್ರದೊಂದಿಗೆ ವಸ್ತುಗಳ ವರ್ತನೆ ಬದಲಾಗುವ ಈ ಸಂಗತಿಯನ್ನು ಗೆಲಿಲಿಯೋ 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಪ್ರಾಣಿಗಳ ಮೂಳೆಗಳನ್ನು ಉದಾಹರಿಸಿ ವಿವರಿಸಿದ್ದ.

ಕೆಲವು ಸಂಗತಿಗಳು ಮಾತ್ರ ಎಷ್ಟು ಮಾಡಿದರೂ ಕುಗ್ಗುವುದಿಲ್ಲ. ಬೆಳಕಿನ ತರಂಗಾಂತರ, ದ್ರವದ ಮೇಲ್ಮೈ ಎಳೆತ, ವರ್ಣದ್ರವ್ಯದ ಕಣಗಳ ಗಾತ್ರ, ನೋಡುವ ಕಣ್ಣಿನ ಸಾಮರ್ಥ್ಯ - ಇವು ಅಸಲಿ ಟ್ಯಾಂಕಿಗೂ ಮಾದರಿಗೂ ಒಂದೇ. ಆಕಾರ ಕುಗ್ಗಿ ಉಳಿದುದು ಕುಗ್ಗದೆ ಇರುವುದರಿಂದ ಉಂಟಾಗುವ ಅಂತರವನ್ನು ತುಂಬುವುದೇ ಬಣ್ಣಗಾರನ ಕೆಲಸ.

ಬಣ್ಣದ ಪದರದ ದಪ್ಪ

ವಾಹನದ ಮೇಲೆ ಬಣ್ಣದ ಪದರ 100 ಮೈಕ್ರೋಮೀಟರ್ ದಪ್ಪವಿದೆಯೆನ್ನಿ. ಪ್ರಮಾಣಕ್ಕೆ ತಕ್ಕಂತೆ ಮಾದರಿಯ ಮೇಲೆ ಅದು 3 ಮೈಕ್ರೋಮೀಟರ್ ಇರಬೇಕು. ಹಸಿರು ಬೆಳಕಿನ ತರಂಗಾಂತರ ಸುಮಾರು 0.55 ಮೈಕ್ರೋಮೀಟರ್. ಬಿಳಿ ಬಣ್ಣಕ್ಕೆ ಬಳಸುವ ಟೈಟಾನಿಯಂ ಡೈ ಆಕ್ಸೈಡಿನ ಕಣ ಸುಮಾರು 0.25 ಮೈಕ್ರೋಮೀಟರ್ ಇದ್ದಾಗ ಬೆಳಕನ್ನು ಅತ್ಯಂತ ಚೆನ್ನಾಗಿ ಚದರಿಸುತ್ತದೆ. ಅದಕ್ಕಿಂತ ತೀರ ಸಣ್ಣದಾದರೆ ಚದರಿಸುವ ಶಕ್ತಿ ಕುಂದುತ್ತದೆ. ಹೀಗಾಗಿ ವರ್ಣಕಣವನ್ನೂ 35 ಪಟ್ಟು ಕುಗ್ಗಿಸುವಂತಿಲ್ಲ. 3 ಮೈಕ್ರೋಮೀಟರಿನ ಪದರದಲ್ಲಿ ಕೆಲವೇ ಕಣಗಳ ಸಾಲಿಗೆ ಜಾಗವಿರುವುದರಿಂದ ಅಡಿಯ ಪ್ಲಾಸ್ಟಿಕ್ ಇಣುಕುತ್ತದೆ.

ಇತ್ತ ಕುಂಚದಿಂದ ಎರಡು ಮೂರು ಸಲ ಬಳಿದ ಪದರ 50 ಮೈಕ್ರೋಮೀಟರ್ ಆಯಿತೆನ್ನಿ. ಅಸಲಿಯಲ್ಲಿ ಅದು 1.75 ಮಿ.ಮೀ. ದಪ್ಪದ ಗಿಲಾವಿಗೆ ಸಮ. ಮೊಳೆಯ ತಲೆ, ಬೆಸುಗೆಯ ಗೆರೆಗಳ ಅಂಚು ಅದರಡಿ ಮುಚ್ಚಿಹೋಗುತ್ತವೆ. ಗಾಳಿಯ ಒತ್ತಡದಿಂದ ಬಣ್ಣವನ್ನು ತುಂತುರಾಗಿಸುವ ಏರ್‌ಬ್ರಷ್ ಬಳಸುವುದು ಇದಕ್ಕಾಗಿಯೇ. ಅದಿಲ್ಲದಿದ್ದರೆ ಬಣ್ಣವನ್ನು ಚೆನ್ನಾಗಿ ತೆಳುವಾಗಿಸಿ, ಪ್ರತಿ ಪದರವೂ ಒಣಗುವವರೆಗೆ ಕಾದು, ಚಪ್ಪಟೆ ಕುಂಚದಿಂದ ಬಳಿಯಿರಿ.

ಛಾಯೆ ತಿಳಿಯಾಗಿರಬೇಕೇಕೆ?

ಸೋವಿಯತ್ ಟ್ಯಾಂಕುಗಳಿಗೆ ಆಗ ಬಳಿಯುತ್ತಿದ್ದುದು 4ಬಿಒ ಎಂಬ ಗಾಢ ಹಸಿರು. ಮಾದರಿಗೆ ಅದನ್ನೇ ಬಳಿದರೆ ಕೋಣೆಯೊಳಗೆ ಹೆಚ್ಚುಕಡಿಮೆ ಕಪ್ಪಾಗಿ ಕಾಣುತ್ತದೆ. ಆದ್ದರಿಂದ ಅನುಭವಿಗಳು ತುಸು ತಿಳಿ ಛಾಯೆಯನ್ನು ಆರಿಸುತ್ತಾರೆ. ಕಾರಣವೇನೆಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ: "ದೂರದ ವಸ್ತು ಗಾಳಿಯ ಚದರಿಕೆಯಿಂದ ಮಸುಕಾಗಿ ಕಾಣುತ್ತದೆ, ಮಾದರಿ ದೂರದ ವಸ್ತುವಿನಂತೆ ಅಲ್ಲವೇ?"

ಈ ಉತ್ತರವನ್ನು ಲೆಕ್ಕ ಹಾಕಿ ನೋಡೋಣ. 30 ಸೆಂ.ಮೀ. ದೂರದಿಂದ ಮಾದರಿಯನ್ನು ನೋಡುವುದು 10.5 ಮೀಟರ್ ದೂರದಿಂದ ಅಸಲಿ ಟ್ಯಾಂಕನ್ನು ನೋಡಿದಂತೆ. 20 ಕಿ.ಮೀ. ದೂರ ಕಾಣುವಂಥ ದಿನ, ಅಷ್ಟು ದೂರದಲ್ಲಿ ಕಪ್ಪು ವಸ್ತುವಿಗೂ ಆಕಾಶಕ್ಕೂ ನಡುವಿನ ವೈದೃಶ್ಯ ಶೇ. 2ಕ್ಕೆ ಇಳಿದಿರುತ್ತದೆ ಎಂದು ಹಿಡಿಯುವುದು ವಾಡಿಕೆ. ದೂರದೊಂದಿಗೆ ಈ ಇಳಿಕೆ ಘಾತೀಯವಾಗಿರುವುದರಿಂದ 10.5 ಮೀಟರಿನಲ್ಲಿ ಆಗುವ ಇಳಿಕೆ ಕೇವಲ ಶೇ. 0.2. ಕಣ್ಣು ಗುರುತಿಸಬಲ್ಲ ವ್ಯತ್ಯಾಸ ಹೆಚ್ಚುಕಡಿಮೆ ಶೇ. 1. ಅಂದರೆ ಟ್ಯಾಂಕಿನ ಮಟ್ಟಿಗೆ ಗಾಳಿಯ ಪಾತ್ರ ಏನೂ ಇಲ್ಲ. 1:700 ಪ್ರಮಾಣದ ಹಡಗಿನ ಮಾದರಿಯಾದರೆ 30 ಸೆಂ.ಮೀ. ಎಂಬುದು 210 ಮೀಟರಿಗೆ ಸಮವಾಗಿ ಇಳಿಕೆ ಶೇ. 4ರಷ್ಟಾಗುತ್ತದೆ. ಅಲ್ಲಿ ಈ ವಿವರಣೆಗೆ ಸ್ವಲ್ಪ ಅರ್ಥವಿದೆ.

ಟ್ಯಾಂಕಿನ ವಿಷಯದಲ್ಲಿ ನಿಜವಾದ ಕಾರಣಗಳು ಬೇರೆ. ಮೊದಲನೆಯದು, ಬೆಳಕಿನ ಪ್ರಮಾಣ. ಬಿಸಿಲಿನಲ್ಲಿ ಸುಮಾರು ಒಂದು ಲಕ್ಷ ಲಕ್ಸ್ ಬೆಳಕಿದ್ದರೆ ಕೋಣೆಯಲ್ಲಿ 300ರಿಂದ 500 ಲಕ್ಸ್. ಬೆಳಕು ಕಡಿಮೆಯಾದಂತೆ ಬಣ್ಣದ ಗಾಢತೆ ನಮ್ಮ ಕಣ್ಣಿಗೆ ಮಂಕಾಗಿ ತೋರುತ್ತದೆ. ಬ್ರಿಟನ್ನಿನ ವರ್ಣವಿಜ್ಞಾನಿ ಹಂಟ್ 1952ರಲ್ಲಿ ವಿವರಿಸಿದ ಇದನ್ನು ಹಂಟ್ ಪರಿಣಾಮ ಎನ್ನುತ್ತಾರೆ. ಎರಡನೆಯದು, ನೆರಳು. ಭೂಮಿಯಿಂದ ನೋಡಿದಾಗ ಸೂರ್ಯಬಿಂಬದ ಅಗಲ ಅರ್ಧ ಡಿಗ್ರಿ. ಎರಡು ಮೀಟರ್ ದೂರದ ನಾಲ್ಕು ಅಡಿ ಟ್ಯೂಬ್‌ಲೈಟಿನ ಉದ್ದ 30 ಡಿಗ್ರಿಗೂ ಹೆಚ್ಚು. ಆಕರ ಹಿಗ್ಗಿದಷ್ಟೂ ಉಪಛಾಯೆ ಹರಡಿ ನೆರಳಿನ ಅಂಚು ಅಳಿಸಿಹೋಗುತ್ತದೆ. ಬಿಸಿಲಿನಲ್ಲಿ ಅಸಲಿ ಟ್ಯಾಂಕಿನ ಹಿಡಿಕೆ, ಮುಚ್ಚಳಗಳ ಕೆಳಗೆ ಬೀಳುವ ಸ್ಪಷ್ಟ ನೆರಳು ಕೋಣೆಯಲ್ಲಿಟ್ಟ ಮಾದರಿಯಲ್ಲಿ ಬೀಳದು. ಮೂರನೆಯದು, ಅಸಲಿ ಟ್ಯಾಂಕಿನ ಬಣ್ಣವೇ ಬಿಸಿಲಿಗೆ ಮಾಸಿ ಧೂಳು ಹೊದ್ದು ತಿಳಿಯಾಗಿರುತ್ತದೆ.

ಆದ್ದರಿಂದ ಮೂಲ ಹಸಿರಿಗೆ ತುಸು ಹಳದಿಮಿಶ್ರಿತ ಕಂದು ಬೆರೆಸಿ ತಿಳಿಗೊಳಿಸಿ. ಬರೀ ಬಿಳಿ ಬೆರೆಸಿದರೆ ಸುಣ್ಣ ಬಳಿದಂತಾಗುತ್ತದೆ. ಎರಡು ರಟ್ಟಿನ ತುಂಡುಗಳಿಗೆ ಮೂಲ ಬಣ್ಣ, ತಿಳಿ ಬಣ್ಣ ಬಳಿದು ಬಿಸಿಲಿನಲ್ಲೂ ಟ್ಯೂಬ್‌ಲೈಟಿನಲ್ಲೂ ಹೋಲಿಸಿ ನೋಡಿದರೆ ಎಷ್ಟು ಬೆರೆಸಬೇಕೆಂಬುದು ತಿಳಿಯುತ್ತದೆ.

ದ್ರವ ಹರಿಯುವ ಬಗೆ

ಇಲ್ಲದ ನೆರಳನ್ನು ತೋರಿಸಲು ಬಳಸುವ ವಿಧಾನಕ್ಕೆ ವಾಷ್ ಎಂದು ಹೆಸರು. ಗಾಢ ಕಂದು ತೈಲವರ್ಣವನ್ನು ಟರ್ಪೆಂಟೈನಿನಲ್ಲಿ ಕಲಕಿ ಚಹದ ಡಿಕಾಕ್ಷನ್ನಿನಷ್ಟು ತೆಳುವಾಗಿಸಿ, ಕುಂಚದ ತುದಿಯಿಂದ ಬೆಸುಗೆಯ ಗೆರೆಗೆ ಮುಟ್ಟಿಸಿ. ಬಣ್ಣ ತಾನಾಗಿಯೇ ಗೆರೆಯುದ್ದಕ್ಕೂ ಓಡುತ್ತದೆ, ಮೇಲ್ಮುಖವಾಗಿಯೂ ಏರುತ್ತದೆ! ಇಲ್ಲಿ ಗುರುತ್ವಕ್ಕಿಂತ ಮೇಲ್ಮೈ ಎಳೆತದ ಕೈ ಮೇಲು. ಟರ್ಪೆಂಟೈನಿಗೆ ಈ ಎರಡು ಬಲಗಳು ಸರಿಸಮವಾಗುವ ಅಳತೆ ಸುಮಾರು 2 ಮಿ.ಮೀ. ಮಾದರಿಯ ಮೇಲಿನ ಬಿರುಕು, ಮೂಲೆಗಳೆಲ್ಲ ಅದಕ್ಕಿಂತ ಸಣ್ಣವು. ನೀರಿನ ಮೇಲ್ಮೈ ಎಳೆತ ಟರ್ಪೆಂಟೈನಿನದಕ್ಕಿಂತ ಎರಡೂವರೆ ಪಟ್ಟಿಗೂ ಹೆಚ್ಚು. ಆದ್ದರಿಂದ ನೀರಿನಲ್ಲಿ ಕಲಸಿದ ವಾಷ್ ಹನಿಯಾಗಿ ನಿಲ್ಲುತ್ತದೆ. ಒಂದು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿದರೆ ಹರಿಯುತ್ತದೆ.

ಅಸಲಿ ಟ್ಯಾಂಕಿನ ಮೇಲೆ ಮಳೆನೀರು ಕೊಳೆಯನ್ನು ಹೊತ್ತು ನೇರವಾಗಿ ಕೆಳಗಿಳಿದು ಉದ್ದನೆಯ ಕಲೆ ಮೂಡಿಸುತ್ತದೆ. ಅದು ಗುರುತ್ವದ ಕೆಲಸ. ಮಾದರಿಯಲ್ಲಿ ದ್ರವವನ್ನು ತನ್ನಷ್ಟಕ್ಕೆ ಬಿಟ್ಟರೆ ಈ ಕಲೆ ಮೂಡದು. ಬಣ್ಣದ ಚುಕ್ಕೆಯಿಟ್ಟು, ಟರ್ಪೆಂಟೈನಿನಲ್ಲಿ ಅದ್ದಿ ಒರೆಸಿದ ಕುಂಚದಿಂದ ಮೇಲಿನಿಂದ ಕೆಳಕ್ಕೆ ಎಳೆಯಬೇಕು. ಗುರುತ್ವದ ಪಾತ್ರವನ್ನು ನಿಮ್ಮ ಕೈಯೇ ವಹಿಸುತ್ತದೆ.

ಮೂಲ ಬಣ್ಣ ಅಕ್ರಿಲಿಕ್ ಆಗಿರಲಿ. ಪೂರ್ತಿ ಒಣಗಿದ ಅಕ್ರಿಲಿಕ್ಕನ್ನು ಟರ್ಪೆಂಟೈನ್ ಸುಲಭವಾಗಿ ಕರಗಿಸದು. ಅದರ ಮೇಲೆ ಹೊಳಪಿನ ವಾರ್ನಿಷ್ ಹಚ್ಚಿದ ನಂತರವೇ ನಕ್ಷತ್ರ, ಅಂಕಿಗಳ ಡೆಕಲ್ ಅಂಟಿಸಿ. ಒರಟು ಮೇಲ್ಮೈಯಾದರೆ ಡೆಕಲ್ಲಿನಡಿ ಗಾಳಿ ಸಿಕ್ಕಿಬೀಳುತ್ತದೆ. ಗಾಳಿಯ ಮತ್ತು ಪಾರದರ್ಶಕ ಹಾಳೆಯ ವಕ್ರೀಭವನ ಸೂಚ್ಯಂಕಗಳು ಬೇರೆಯಾದ್ದರಿಂದ ಅಲ್ಲಿ ಬೆಳಕು ಪ್ರತಿಫಲಿಸಿ ಬೆಳ್ಳನೆಯ ಮಚ್ಚೆ ಕಾಣಿಸುತ್ತದೆ.

ಸವೆತ ಮತ್ತು ತುಕ್ಕು

ಹೊಸಬರು ಹೆಚ್ಚು ಎಡವುವುದು ಇಲ್ಲಿ. ಟ್ಯಾಂಕಿನ ಮೈಯೆಲ್ಲ ಬೆಳ್ಳಿಬಣ್ಣದ ಗೀರು, ಕಿತ್ತಳೆ ತುಕ್ಕು! ಪ್ರತಿ ಗುರುತಿಗೂ ಒಂದು ಕಾರಣ ಬೇಕು. ಕುಂಚ ಎತ್ತುವ ಮೊದಲು "ಇಲ್ಲಿ ಏನು ನಡೆಯಿತು?" ಎಂದು ಕೇಳಿಕೊಳ್ಳಿ.

ಚಾಲಕನ ಮುಚ್ಚಳದ ಅಂಚು, ಗೋಪುರದ ಮುಚ್ಚಳಗಳ ಸುತ್ತ, ಹತ್ತಿಳಿಯುವ ಹಿಡಿಕೆಗಳು - ಐವರ ಬೂಟು, ಕೈಗಳು ದಿನವೂ ತಾಗುವ ಇಲ್ಲಿ ಬಣ್ಣ ಸವೆಯುತ್ತದೆ. ಕಣ್ಣಿನ ಬೇರ್ಪಡಿಸುವ ಶಕ್ತಿ ಸುಮಾರು 1/60 ಡಿಗ್ರಿ, 30 ಸೆಂ.ಮೀ. ದೂರದಲ್ಲಿ ಅದು 0.09 ಮಿ.ಮೀ., ಅಸಲಿಯಲ್ಲಿ 3 ಮಿ.ಮೀ. ಅದಕ್ಕಿಂತ ಸಣ್ಣ ಗೀರುಗಳು ಬೇರೆಬೇರೆಯಾಗಿ ಕಾಣದೆ ಸರಾಸರಿ ಛಾಯೆಯಲ್ಲಿ ಬೆರೆತುಹೋಗುತ್ತವೆ. 2 ಮಿ.ಮೀ. ಅಗಲದ ಗೀರು ಬಿಡಿಸಿದರೆ ಅದು ಅಸಲಿಯಲ್ಲಿ 7 ಸೆಂ.ಮೀ. ಆಗುತ್ತದೆಂಬುದು ನೆನಪಿರಲಿ.

ಟ್ರ್ಯಾಕ್ ಎನ್ನುವ ಉಕ್ಕಿನ ಪಟ್ಟಿಯಲ್ಲಿ ನೆಲಕ್ಕೆ ತಾಗುವ ಉಬ್ಬುಗಳು ಉಜ್ಜಿ ಹೊಳೆಯುತ್ತವೆ. ಹಳ್ಳಗಳಲ್ಲಿ ತೆಳು ತುಕ್ಕು ಮತ್ತು ಮಣ್ಣು. ಹೊಗೆಕೊಳವೆಯಲ್ಲಿ ಶಾಖಕ್ಕೆ ಬಣ್ಣ ಸುಟ್ಟು ಕಬ್ಬಿಣ ಬಯಲಾಗುವುದರಿಂದ ತುಕ್ಕಿಗೆ ಅದು ಸಹಜ ತಾಣ; ಬಾಯಿಯ ಸುತ್ತ ಡೀಸೆಲ್ ಮಸಿ. ಉಳಿದಂತೆ ಬಣ್ಣ ಎದ್ದ ಕಡೆ ಕಬ್ಬಿಣ, ತೇವ, ಆಮ್ಲಜನಕ ಸೇರಿ ಬೇಗ ಕಂದಾಗುತ್ತದೆ; ಬೆಳ್ಳಿಯಂತೆ ಉಳಿಯದು. ಆದರೆ ತೆರೆದ ಗಾಳಿಯಲ್ಲಿ ತುಕ್ಕು ಉಕ್ಕನ್ನು ತಿನ್ನುವುದು ವರ್ಷಕ್ಕೆ ಕೆಲವು ಹತ್ತು ಮೈಕ್ರೋಮೀಟರುಗಳಷ್ಟು. ಟಿ-34ರ ಪಕ್ಕದ ಕವಚದ ದಪ್ಪ 45 ಮಿ.ಮೀ. ಮಾದರಿಯಲ್ಲಿ ಈ ಕೊರೆತ ಒಂದೆರಡು ಮೈಕ್ರೋಮೀಟರಾಗುವುದರಿಂದ ತುಕ್ಕನ್ನು ಬಣ್ಣದಲ್ಲಷ್ಟೇ ತೋರಿಸಬೇಕು, ಹೊಪ್ಪಳೆಯಾಗಿ ಅಲ್ಲ.

ಇತಿಹಾಸವೂ ಇದನ್ನೇ ಹೇಳುತ್ತದೆ. 1944-45ರ ಕಾಳಗಗಳಲ್ಲಿ ಎಷ್ಟೋ ಟ್ಯಾಂಕುಗಳು ಕಾರ್ಖಾನೆ ಬಿಟ್ಟ ಕೆಲವೇ ತಿಂಗಳಲ್ಲಿ ಸುಟ್ಟು ನಾಶವಾದವು; ಒಳಗಿದ್ದ ಅನೇಕರು ಬದುಕಿ ಬರಲಿಲ್ಲ. ಅವಕ್ಕೆ ತುಕ್ಕು ಹಿಡಿಯುವಷ್ಟು ಆಯುಸ್ಸೇ ಇರಲಿಲ್ಲ. ಯುದ್ಧ ಮಾಡುತ್ತಿರುವ ಟ್ಯಾಂಕಿಗೆ ಹತ್ತು ವರ್ಷದ ತುಕ್ಕು ಬಳಿಯುವುದು ನಡೆದದ್ದನ್ನು ತಪ್ಪಾಗಿ ಹೇಳಿದಂತೆ.

ಧೂಳು, ಕೆಸರು

ರಸ್ತೆ ಧೂಳಿನ 50 ಮೈಕ್ರೋಮೀಟರ್ ಕಣ ಮಾದರಿಯ ಮೇಲೆ 1.75 ಮಿ.ಮೀ. ಹರಳಾಗಿಬಿಡುತ್ತದೆ. ವಸ್ತ್ರಗಾಳಿತ ಮಾಡಿದ ಮಣ್ಣೂ ಸಾಲದು. ಅದಕ್ಕೆ ಸ್ಟೋಕ್ಸ್ ನಿಯಮದ ನೆರವು ಪಡೆಯಿರಿ. ನೀರಿನಲ್ಲಿ ಕಣ ಮುಳುಗುವ ವೇಗ ಅದರ ವ್ಯಾಸದ ವರ್ಗಕ್ಕೆ ಅನುಗುಣವಾಗಿರುತ್ತದೆ. 10 ಸೆಂ.ಮೀ. ಆಳದ ನೀರಿನಲ್ಲಿ 50 ಮೈಕ್ರೋಮೀಟರ್ ಕಣ ತಳ ಮುಟ್ಟಲು ಮುಕ್ಕಾಲು ನಿಮಿಷ ಸಾಕು; 10 ಮೈಕ್ರೋಮೀಟರ್ ಕಣಕ್ಕೆ ಸುಮಾರು 19 ನಿಮಿಷ ಬೇಕು. ಮಣ್ಣನ್ನು ಗಾಜಿನ ಲೋಟದಲ್ಲಿ ಕಲಕಿ, 20 ನಿಮಿಷ ಅಲುಗಿಸದೆ ಬಿಟ್ಟು, ಮೇಲಿನ ಬಗ್ಗಡವನ್ನು ಮಾತ್ರ ತಟ್ಟೆಗೆ ಬಸಿದು ಒಣಗಿಸಿ. ಉಳಿಯುವ ನುಣುಪು ಪುಡಿಯನ್ನು ಒಣ ಕುಂಚದಿಂದ ಹಚ್ಚಿರಿ.

ಮಣ್ಣಿನ ಬಣ್ಣವೂ ಮುಖ್ಯ. 1944ರ ವಸಂತದಲ್ಲಿ ಈ ಟ್ಯಾಂಕುಗಳು ಹೋರಾಡಿದ ಉಕ್ರೇನಿನ ಬಯಲಿನಲ್ಲಿರುವುದು ಜೈವಿಕಾಂಶ ತುಂಬಿದ ಕರಿಮಣ್ಣು. ಕೋಲಾರದ ಕೆಮ್ಮಣ್ಣು ಇಲ್ಲಿ ಒಪ್ಪದು. ಧಾರವಾಡ, ಗದಗ ಕಡೆಯ ಎರೆಮಣ್ಣು ಹುಟ್ಟಿನಲ್ಲಿ ಬೇರೆಯಾದರೂ ಬಣ್ಣದಲ್ಲಿ ಹತ್ತಿರ.

ಒದ್ದೆ ಮಣ್ಣು ಒಣಮಣ್ಣಿಗಿಂತ ಕಪ್ಪಗೆ ಕಾಣುವುದೇಕೆ? ಸ್ವೀಡನ್ನಿನ ಆಂಗ್‌ಸ್ಟ್ರಾಮ್ 1925ರಲ್ಲಿ ಇದನ್ನು ವಿವರಿಸಿದರು. ಮಣ್ಣಿನಿಂದ ಚದರಿ ಹೊರಡುವ ಬೆಳಕಿನ ಒಂದು ಪಾಲು ನೀರಿನ ಪೊರೆಯೊಳಗೇ ಪೂರ್ಣ ಆಂತರಿಕ ಪ್ರತಿಫಲನ ಹೊಂದಿ ಮತ್ತೆ ಮಣ್ಣಿಗೆ ಮರಳಿ ಹೀರಲ್ಪಡುತ್ತದೆ. ಕೆಸರಿನ ಮೇಲೆ ಹಚ್ಚುವ ಹೊಳಪಿನ ವಾರ್ನಿಷ್ ಇದೇ ಕೆಲಸ ಮಾಡುವುದರಿಂದ ಚಕ್ರಗಳ ಹಸಿ ಕೆಸರಿಗೆ ಅದು ಸರಿ. ಉಳಿದೆಡೆ ಹೊಳಪಿಲ್ಲದ ವಾರ್ನಿಷ್ ಸಾಕು. ಅದರಲ್ಲಿನ ಸಿಲಿಕಾ ಕಣಗಳು ಮೇಲ್ಮೈಯನ್ನು ಒರಟಾಗಿಸಿ ಬೆಳಕನ್ನು ಎಲ್ಲ ದಿಕ್ಕಿಗೂ ಚದರಿಸುತ್ತವೆ.

ಒಂದು ಎಚ್ಚರಿಕೆ. ಟರ್ಪೆಂಟೈನಿನ ಆವಿ, ಬಣ್ಣದ ತುಂತುರು, ನುಣುಪು ಧೂಳು ಇವೆಲ್ಲ ಶ್ವಾಸಕೋಶಕ್ಕೆ ಹಾನಿಕರ. ಕಿಟಕಿ ತೆರೆದಿರಲಿ, ಮುಖವಾಡ ಧರಿಸಿ, ಬೆಂಕಿ ಹತ್ತಿರವಿರದಿರಲಿ.

ಮಾದರಿಯೇ ಬೇಕೆಂದಿಲ್ಲ. ಹಳೆಯ ಪ್ಲಾಸ್ಟಿಕ್ ಡಬ್ಬದ ಮುಚ್ಚಳ, ಸ್ವಲ್ಪ ಬಣ್ಣ, ಒಂದು ಹಿಡಿ ಮಣ್ಣು ಇದ್ದರೆ ಇಲ್ಲಿನ ಹೆಚ್ಚಿನ ಪ್ರಯೋಗಗಳನ್ನು ವಿಜ್ಞಾನ ಸಂಘದ ಎರಡು ಶನಿವಾರಗಳಲ್ಲಿ ಮಾಡಿಸಬಹುದು. ಅಧ್ಯಾಪಕರು ವಿದ್ಯಾರ್ಥಿಗಳಿಂದ ಮೊದಲು 35ರ ಗುಣಾಕಾರ, ಭಾಗಾಕಾರಗಳನ್ನು ಮಾಡಿಸಲಿ. ಆಮೇಲೆ ಕುಂಚ ಕೊಡಲಿ.